ಇನಿಷಿಯಲ್ ಎಲ್ಲಿ ಹೋಯಿತು? ನರ್ಸ್ ರಿಜಿಸ್ಟ್ರೇಷನ್ ದಪ್ಪ ಪುಸ್ತಕದಿಂದ ಪೋರ್ಟಲ್‌ಗೆ ಬಂದ ಕಥೆ

ಶಿಲ್ಪಾ ಅಂತ ಒಬ್ಬ ನರ್ಸ್ ಇದ್ದಾಳೆ ಅಂದುಕೊಳ್ಳಿ. ಹಾಸನದ ಕಡೆಯವಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಶಿಲ್ಪಾ ಎಂ. ಆರ್., ಬಿಎಸ್ಸಿ ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಎಂ. ಆರ್. ಶಿಲ್ಪಾ, ನರ್ಸ್‌ಗಳ ಹೆಸರು ನೋಂದಾಯಿಸಿಕೊಳ್ಳುವ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್‌ನಲ್ಲಿ ಬರೀ ಶಿಲ್ಪಾ. ಪಾಸ್‌ಪೋರ್ಟಿಗೆ ಬಂದಾಗ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಎರಡನ್ನೂ ಸೇರಿಸಿದ್ದಾರೆ. ನಾಲ್ಕೂ ಒಬ್ಬಳೇನಾ ಅಂತ ನಮ್ಮೂರಲ್ಲಿ ಯಾರೂ ಕೇಳುವುದೇ ಇಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಪೋರ್ಟಲ್ ಕೇಳುತ್ತದೆ.

ಹೊರದೇಶಕ್ಕೆ ಹೊರಟ ನರ್ಸ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ "ಸಿಸ್ಟಮ್ ಬದಲಾಗ್ತಿದೆಯಂತೆ" ಅನ್ನುವ ಒಂದು ಸಾಲು ಬಂದರೆ ಸಾಕು, ಎಲ್ಲರಿಗೂ ಗಾಬರಿ. ಹಳೇದರಲ್ಲೇ ಬೇಗ ಅರ್ಜಿ ಹಾಕಿಬಿಡೋಣವೋ, ಹೊಸದು ಬರೋವರೆಗೆ ಕಾಯೋಣವೋ? ಆದರೆ ನನಗೆ ಅನ್ನಿಸೋದು ಬೇರೆ. ತೊಂದರೆ ಹೊಸ ಸಾಫ್ಟ್‌ವೇರಿನದ್ದಲ್ಲ. ಅದು ನರ್ಸ್‌ಗಳ ಹೆಸರು ಬರೆದಿಡುವ ಹಳೇ ಪುಸ್ತಕದಲ್ಲೇ, ಅಂದರೆ ರಿಜಿಸ್ಟರ್‌ನಲ್ಲೇ ಇತ್ತು, ಇಷ್ಟು ದಿನ ಯಾರೋ ಒಬ್ಬ ಗುಮಾಸ್ತ ಕಣ್ಣಳತೆಯಲ್ಲಿ ಸರಿದೂಗಿಸಿಕೊಂಡು ಹೋಗುತ್ತಿದ್ದ, ಅಷ್ಟೇ.

ಆ ಪುಸ್ತಕದ ಕಥೆ ಹಳೇದು. ದೇಶವಿಡೀ ನರ್ಸ್‌ಗಳನ್ನು ಕಾನೂನು ಮಾಡಿ ನೋಂದಾಯಿಸಿದ್ದು ಮೊದಲು ನ್ಯೂಜಿಲೆಂಡ್, 1901ರಲ್ಲಿ. ಬ್ರಿಟನ್ನಿನಲ್ಲಿ ಎಥೆಲ್ ಗಾರ್ಡನ್ ಫೆನ್ವಿಕ್ ಎಂಬಾಕೆ ಇದಕ್ಕಾಗಿ 1887ರಿಂದಲೇ ಹೋರಾಡುತ್ತಿದ್ದರು. ಅವರ ಎದುರು ಪಕ್ಷದಲ್ಲಿ ಇದ್ದವರು ಯಾರು ಗೊತ್ತಾ? ಫ್ಲಾರೆನ್ಸ್ ನೈಟಿಂಗೇಲ್! ಒಳ್ಳೆಯ ನರ್ಸ್ ಯಾರು ಅನ್ನೋದು ಅವಳ ಗುಣದಲ್ಲಿದೆ, ಅದನ್ನು ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಲಾಗದು ಅನ್ನುವುದು ನೈಟಿಂಗೇಲ್ ವಾದ. ಕಡೆಗೆ 1919ರ ಡಿಸೆಂಬರಿನಲ್ಲಿ ಕಾನೂನು ಬಂತು. 1921ರಲ್ಲಿ ರಿಜಿಸ್ಟರ್ ತೆರೆದಾಗ ಒಂದನೇ ನಂಬರ್ ಫೆನ್ವಿಕ್ ಅವರಿಗೇ ಸಿಕ್ಕಿತು.

ಮೊದಲ ಸಿಸ್ಟಮ್ ಬದಲಾವಣೆ ಆಗಿದ್ದೂ ಆಗಲೇ. ಪರೀಕ್ಷೆ ಬರೆಯದೆ, ಆಗಲೇ ಕೆಲಸ ಮಾಡುತ್ತಿದ್ದ ನರ್ಸ್‌ಗಳ ಗತಿ ಏನು? ಅವರಿಗೆ ಅನುಭವದ ಮೇಲೆ ಹೆಸರು ಸೇರಿಸಲು 1923ರ ಜುಲೈವರೆಗೆ ಗಡುವು ಕೊಟ್ಟರು. ಎಲ್ಲಿ ಕಲಿತೆ, ಎಷ್ಟು ವರ್ಷ ದುಡಿದೆ ಅನ್ನೋದಕ್ಕೆಲ್ಲ ಸಾಕ್ಷಿ ಬೇಕಿತ್ತು. ಗಡುವು ಮುಗಿದ ಮೇಲೆ ಬಂದವರಿಗೆ ಪರೀಕ್ಷೆಯೇ ದಾರಿ. ನೂರು ವರ್ಷದ ಹಿಂದೆಯೂ ಇದೇ ಪಾಡು, ಅಲ್ವಾ?

ನಮ್ಮ ಕಡೆ ಇನ್ನೊಂದು ಥರದ ಗೋಜಲು. 1926ರಲ್ಲಿ ಮದ್ರಾಸಿನಲ್ಲಿ ನರ್ಸ್‌ಗಳ ಕಾನೂನು ಬಂತು. ಮಂಗಳೂರು, ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವು. 1935ರಲ್ಲಿ ಮುಂಬಯಿಯಲ್ಲಿ ಬಂತು, ಧಾರವಾಡ, ಬೆಳಗಾವಿ ಆ ಕಡೆಗೆ. ಹಳೇ ಮೈಸೂರಿನವರದ್ದು ಬೇರೆ, ಹೈದರಾಬಾದ್ ಕಡೆಯವರದ್ದು ಇನ್ನೂ ಬೇರೆ. 1947ರ ಕೊನೆಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂದು ಓದಿನ ಮಟ್ಟ ದೇಶಕ್ಕೆಲ್ಲ ಒಂದಾಯಿತು, ಆದರೆ ಹೆಸರು ಬರೆದುಕೊಳ್ಳುವ ಕೆಲಸ ರಾಜ್ಯಗಳ ಕೈಯಲ್ಲೇ ಉಳಿಯಿತು. 1956ರಲ್ಲಿ ಏಕೀಕರಣ ಆಯಿತು. ಇಡೀ ರಾಜ್ಯಕ್ಕೆ ಒಂದೇ ನರ್ಸ್ ಕಾನೂನು ಬಂದಿದ್ದು 1961ರಲ್ಲಿ. ಇವತ್ತಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಆ ಕಾನೂನಿನ ಕೂಸು.

ಬೇರೆ ರಾಜ್ಯಕ್ಕೋ ದೇಶಕ್ಕೋ ಹೋಗುವ ನರ್ಸ್‌ಗೆ ಈ ಇತಿಹಾಸ ಒಂದೇ ಪದದಲ್ಲಿ ಎದುರಾಗುತ್ತದೆ: ವೆರಿಫಿಕೇಷನ್. ಅಂದರೆ ನೀವು ನಮ್ಮ ಪುಸ್ತಕದಲ್ಲಿ ಇದ್ದೀರಿ, ನಿಮ್ಮ ಮೇಲೆ ದೂರಿಲ್ಲ ಅಂತ ನಿಮ್ಮ ಕೌನ್ಸಿಲ್ ಆ ಕಡೆಯ ಕೌನ್ಸಿಲ್‌ಗೆ ನೇರವಾಗಿ ಹೇಳಬೇಕು. ನಿಮ್ಮ ಕೈಗೆ ಕೊಟ್ಟರೆ ನಡೆಯುವುದಿಲ್ಲ. ಕೇರಳದಿಂದ ಬಂದು ಬೆಂಗಳೂರು, ಮಂಗಳೂರಿನಲ್ಲಿ ಓದಿ, ಊರಿಗೆ ಹೋಗಿ ಅಲ್ಲಿ ಕೆಲಸ ಮಾಡಿ, ಆಮೇಲೆ ಇಂಗ್ಲೆಂಡಿಗೆ ಅರ್ಜಿ ಹಾಕಿದವರನ್ನು ಕೇಳಿ ನೋಡಿ. ಎರಡು ರಾಜ್ಯಗಳ ಕೌನ್ಸಿಲ್ ನಡುವೆ ಓಡಾಡಿದ ಕಥೆ ಹೇಳಿ ಮುಗಿಯುವುದಿಲ್ಲ.

ಇಂಗ್ಲೆಂಡಿನ ದಾರಿ ಹತ್ತು ವರ್ಷದೊಳಗೆ ಮೂರು ಸಲ ಬದಲಾಯಿತು. ಮೊದಲು ಹೊರಗಿನಿಂದ ಹೋದವರು ಅಲ್ಲಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ತೋರಿಸಬೇಕಿತ್ತು. 2014ರ ಅಕ್ಟೋಬರಿನಲ್ಲಿ ಅದು ಹೋಗಿ ಎರಡು ಪರೀಕ್ಷೆ ಬಂದವು: ಇಲ್ಲಿ ಕಂಪ್ಯೂಟರ್ ಮುಂದೆ ಸಿಬಿಟಿ, ಅಲ್ಲಿಗೆ ಹೋದ ಮೇಲೆ ನರ್ಸಿಂಗ್ ಕೆಲಸ ಮಾಡಿ ತೋರಿಸುವ ಆಸ್ಕಿ. ಆದರೂ ಅರ್ಜಿ ಮಾತ್ರ ಕಾಗದದ ಕಟ್ಟು. ಜೆರಾಕ್ಸ್ ಮಾಡು, ಅಟೆಸ್ಟ್ ಮಾಡಿಸು, ಕೊರಿಯರ್ ಮಾಡು, ಕಾಯಿ.

2019ರ ಅಕ್ಟೋಬರ್ 7ರಂದು ಅಲ್ಲಿಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಈ ಕಟ್ಟನ್ನು ಬಿಟ್ಟು ಆನ್‌ಲೈನ್‌ಗೆ ಬಂತು. ಪ್ರತಿಯೊಬ್ಬರಿಗೂ ಒಂದು ಅಕೌಂಟ್, ಅರ್ಜಿ ಎಲ್ಲಿಗೆ ಬಂತು ಅಂತ ಅದರಲ್ಲೇ ನೋಡಬಹುದು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಲೇಬೇಕು ಅನ್ನುವ ನಿಯಮವೂ ಆ ಹೊತ್ತಿಗೆ ಹೋಗಿತ್ತು. ನಿಜಕ್ಕೂ ಒಳ್ಳೆಯ ಬದಲಾವಣೆ. ಆಮೇಲೆ 2021ರ ಆಗಸ್ಟಿನಲ್ಲಿ ಪರೀಕ್ಷೆಯೇ ಹೊಸದಾಯಿತು. ಸಿಬಿಟಿ ಎರಡು ಭಾಗ ಆಯಿತು, ಒಂದರಲ್ಲಿ ಬರೀ ಲೆಕ್ಕ, ಔಷಧದ ಪ್ರಮಾಣದ್ದು. ಆಸ್ಕಿಗೆ ಹತ್ತು ಸ್ಟೇಷನ್, ಅಂದರೆ ಒಂದೊಂದು ಕೆಲಸ ಮಾಡಿ ತೋರಿಸುವ ಹಂತ, ಆದವು. ಹಳೇ ಸಿಬಿಟಿ ಪಾಸಾಗಿ ಆಸ್ಕಿ ಬಾಕಿ ಇದ್ದವರು ಮಾತ್ರ ನಡುನೀರಿನಲ್ಲಿ ನಿಂತು, ನಮಗೆ ಹಳೇದೋ ಹೊಸದೋ ಅಂತ ಕೇಳುತ್ತಿದ್ದರು.

ಈ ನಡುನೀರಿನ ಜನರ ಕಷ್ಟವನ್ನೇ ನಾನು ಹತ್ತಿರದಿಂದ ನೋಡಿದ್ದು. ನಮ್ಮ ಚಿಕ್ಕಮ್ಮನ ಮಗಳು ಒಂದು ದೇಶಕ್ಕೆ (ಯಾವುದು ಅಂತ ಬೇಡ ಬಿಡಿ) ಅರ್ಜಿ ಅರ್ಧ ತುಂಬಿ ಸೇವ್ ಮಾಡಿ ಇಟ್ಟಿದ್ದಳು. ಹೊಸ ಪೋರ್ಟಲ್ ಬಂತು, ಸೇವ್ ಮಾಡಿದ್ದು ಬರಲಿಲ್ಲ. ಹೋಗಲಿ, ಮತ್ತೆ ತುಂಬಬಹುದು. ಆದರೆ ಹಳೇ ಅಕೌಂಟ್ ಇದ್ದದ್ದು ಏಜೆಂಟನ ಇಮೇಲಿನಲ್ಲಿ, ಒಟಿಪಿ ಹೋಗುತ್ತಿದ್ದದ್ದು ಅವನ ಫೋನಿಗೆ. ಅವನು ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಅವಳ ಅರ್ಜಿ ಅವಳದ್ದೇ ಅಂತ ಸಾಬೀತು ಮಾಡಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವಳ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಅವಧಿ ಮುಗಿದಿತ್ತು. ಆ ಅಂಕಗಳಿಗೆ ಎರಡೇ ವರ್ಷ ಆಯಸ್ಸು. ಮತ್ತೆ ಫೀಸು, ಮತ್ತೆ ಪರೀಕ್ಷೆ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು. ಇಮೇಲ್ ನಿಮ್ಮದೇ ಇರಲಿ, ಆಸ್ಪತ್ರೆ ಕೊಟ್ಟದ್ದೂ ಬೇಡ, ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಹಳೇ ಪೋರ್ಟಲ್ ಮುಚ್ಚುವ ಮೊದಲು ಫೀಸು ಕಟ್ಟಿದ ರಸೀದಿ, ಅರ್ಜಿ ನಂಬರ್, ಬಂದ ಉತ್ತರ ಎಲ್ಲವನ್ನೂ ಇಳಿಸಿಕೊಳ್ಳಿ. ಪಿಸಿಸಿ, ಅಂದರೆ ನಿಮ್ಮ ಮೇಲೆ ಕೇಸಿಲ್ಲ ಅಂತ ಪೊಲೀಸರು ಕೊಡುವ ಸರ್ಟಿಫಿಕೇಟ್, ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಡಿ. ಅದಕ್ಕೆ ಕೆಲವೇ ತಿಂಗಳ ಬೆಲೆ. ಆದರೆ ಕೌನ್ಸಿಲ್ ರಿನ್ಯೂವಲ್ ಮಾತ್ರ ಮೊದಲೇ ಮಾಡಿಸಿ. ಇಲ್ಲಿ ಅವಧಿ ಮುಗಿದಿದ್ದರೆ ವೆರಿಫಿಕೇಷನ್ ಹೋಗುವುದೇ ಕಷ್ಟ. ನೀವು ಓದಿದ ಕಾಲೇಜು ಹೆಸರು ಬದಲಿಸಿದೆಯೋ, ಮುಚ್ಚಿದೆಯೋ ಅಂತಲೂ ಒಂದು ಫೋನ್ ಮಾಡಿ ಕೇಳಿ.

ಹೆಸರಿನ ವಿಷಯ ಎಲ್ಲಕ್ಕಿಂತ ಮೊದಲು. ಸರ್‌ನೇಮ್ ಅನ್ನುವ ಖಾನೆ ನಮ್ಮ ಶಿಲ್ಪಾಳಂಥವರಿಗೆ ಮಾಡಿದ್ದಲ್ಲ. ಆದರೂ ಅದನ್ನು ತುಂಬಲೇಬೇಕು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ತುಂಬಿ, ಅದಕ್ಕೆ ಹೊಂದದ ಕಾಗದ ಯಾವುದು ಅಂತ ಪಟ್ಟಿ ಮಾಡಿ, ಕೌನ್ಸಿಲ್ ಪುಸ್ತಕದಿಂದ ತಿದ್ದಲು ಶುರು ಮಾಡಿ. ನೋಟರಿ ಅಫಿಡವಿಟ್ ಒಂದಿದ್ದರೆ ಸಾಕು ಅಂತ ಸೈಬರ್ ಸೆಂಟರಿನವರು ಹೇಳುತ್ತಾರೆ. ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ಮೂಲ ಪುಸ್ತಕದಲ್ಲೇ ಸರಿಯಾದರೆ ಆ ಪ್ರಶ್ನೆಯೇ ಬರುವುದಿಲ್ಲ.

ಹೊರದೇಶಕ್ಕೆ ಹೋಗದವರಿಗೂ ಈ ಕೆಲಸ ತಪ್ಪಿದ್ದಲ್ಲ. ನಮ್ಮ ರಾಜ್ಯಗಳ ಪುಸ್ತಕಗಳಲ್ಲಿ ನಿವೃತ್ತರಾದವರು, ತೀರಿಕೊಂಡವರು, ದೇಶ ಬಿಟ್ಟವರು ಎಲ್ಲರೂ ಸೇರಿಕೊಂಡಿದ್ದರು. ಈಗ ಯಾರು ಕೆಲಸದಲ್ಲಿದ್ದಾರೆ ಅಂತ ತಿಳಿಯಲು ಕೇಂದ್ರ ಲೈವ್ ರಿಜಿಸ್ಟರ್ ತಂದು, ಆಧಾರ್ ಜೋಡಿಸಿ, ಒಬ್ಬೊಬ್ಬ ನರ್ಸ್‌ಗೂ ಎನ್‌ಯುಐಡಿ (ನರ್ಸ್ ಯುನೀಕ್ ಐಡಿ) ಅನ್ನುವ ನಂಬರ್ ಕೊಡಲು ಶುರು ಮಾಡಿತು. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿತು. 1947ರ ಕಾಯ್ದೆಯ ಜಾಗಕ್ಕೆ ಇದು. ಕೌನ್ಸಿಲ್ ಜಾಗದಲ್ಲಿ ಆಯೋಗ, ರಾಜ್ಯಗಳಿಗೂ ಒಂದೊಂದು ಆಯೋಗ, ದೇಶಕ್ಕೆಲ್ಲ ಒಂದು ಆನ್‌ಲೈನ್ ರಿಜಿಸ್ಟರ್ ಅಂತ ಅದರಲ್ಲಿದೆ. ಆಧಾರ್‌ನಲ್ಲಿ ಶಿಲ್ಪಾಳ ಹೆಸರು ಹೇಗಿದೆ ಅಂತ ನಾನು ಹೇಳಲೇ ಇಲ್ಲ. ಅದರಲ್ಲಿ ಮದುವೆಯಾದ ಮೇಲಿನ ಹೆಸರಿದೆ, ಐದನೇದು.