ಮಾತ್ರೆ ನುಂಗಿದ್ದು ಹೇಗೆ, ಯಾವುದರ ಜೊತೆ?

ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಮೂಡಿಗೆರೆ ಕಡೆಯ ತೋಟದಿಂದ ಒಬ್ಬ ಹೆಂಗಸು ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್ಕಿಗೆ ಬಂದರು. ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ತಗೊಳ್ತಾ ಇದ್ದರು. ಜ್ವರ ಬಿಟ್ಟಿತ್ತು. ಆದರೆ ಎಂಜಲು ನುಂಗಿದರೂ ಎದೆಯ ನಡುವೆ ಉರಿ, ನೋವು. "ಡಾಕ್ಟ್ರೇ, ಹಾರ್ಟಿಗೇನಾದ್ರೂ ಆಯ್ತಾ?" ಅಂತ ಹೆದರಿದ್ದರು. ಇಸಿಜಿ ಸರಿಯಿತ್ತು. ಮಾತ್ರೆ ಹೇಗೆ ನುಂಗ್ತೀರಿ ಅಂತ ಕೇಳಿದೆ. "ಮಲಗೋ ಮುಂಚೆ, ಒಂದು ಗುಟುಕು ನೀರಲ್ಲಿ" ಅಂದರು.

ತೊಂದರೆ ಅಲ್ಲೇ ಇತ್ತು. ಈ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಕರಗಿದರೆ ಆ ಜಾಗ ಸುಟ್ಟು ಹುಣ್ಣಾಗುತ್ತದೆ. ಲೋಟದ ತುಂಬಾ ನೀರು ಕುಡಿಯಬೇಕು. ಆಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಅವರ ಕುತ್ತಿಗೆ, ಮುಂಗೈ ಕೂಡ ಕೆಂಪಗೆ ಸುಟ್ಟಿತ್ತು. ದಿನವಿಡೀ ಕಣದಲ್ಲಿ ಕಾಫಿ ಹರವುವ ಕೆಲಸ. ಡಾಕ್ಸಿಸೈಕ್ಲಿನ್ ತಗೊಳ್ಳುವವರ ಚರ್ಮ ಬಿಸಿಲು ತಡೆಯುವುದಿಲ್ಲ. ಉದ್ದ ತೋಳಿನ ಅಂಗಿ, ತಲೆಗೊಂದು ಬಟ್ಟೆ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಇಲಿ ಜ್ವರಕ್ಕೂ, ಪೊದೆಯ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೂ ಇದು ಒಳ್ಳೆಯ ಔಷಧ. ಅದಕ್ಕೇ ಮಾತ್ರೆ ಕೊಡುವಾಗ ಈ ಎರಡು ಮಾತು ಹೇಳದೆ ಕಳಿಸಿದರೆ ನನಗೆ ಬೇಸರವಾಗುತ್ತದೆ.

ಕಾಫಿ ನಾಡಿನಲ್ಲಿದ್ದು ಕಾಫಿಯ ಮಾತು ಬಿಡುವಂತಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ತಗೊಳ್ಳುವಾಗ ಕಾಫಿಯಲ್ಲಿರುವ ಕೆಫೀನ್ ದೇಹದಿಂದ ಬೇಗ ಹೊರಗೆ ಹೋಗುವುದಿಲ್ಲ. ಲಿವರ್ ಅದನ್ನು ಕರಗಿಸುವ ಕೆಲಸಕ್ಕೆ ಈ ಔಷಧ ಅಡ್ಡ ಬರುತ್ತದೆ. ದಿನಾ ಕುಡಿಯುವಷ್ಟೇ ಕಾಫಿ ಕುಡಿದರೂ ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆಯಿಲ್ಲ. ಆ ಕೆಲವು ದಿನ ಕಾಫಿ ಕಡಿಮೆ ಮಾಡಿ. ಇದೇ ಮಾತ್ರೆಯನ್ನು ಹಾಲಿನ ಜೊತೆ ನುಂಗಿದರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸಿಗೆ ಕುಡಿಯುವ ಸಿರಪ್ಪೂ ಹಾಗೇ. ಸಿಪ್ರೊಫ್ಲಾಕ್ಸಾಸಿನ್ ಮೊದಲು ನುಂಗಿ, ಅವನ್ನೆಲ್ಲ ಎರಡು ಗಂಟೆ ಬಿಟ್ಟು ತಗೊಳ್ಳಿ. ಇನ್ನೊಂದು ಮಾತು: ಈ ಗುಂಪಿನ ಔಷಧ ನಡೆಯುವಾಗ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನಲ್ಲಿ (ಟೆಂಡನ್) ನೋವು ಬಂದರೆ ಉಳುಕು ಅಂತ ಎಣ್ಣೆ ತಿಕ್ಕಿಕೊಂಡು ಕೂರಬೇಡಿ. ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ವಯಸ್ಸಾದವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಅದು ಹರಿಯುವ ಭಯ ಜಾಸ್ತಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ದಿಢೀರನೆ ಇಳಿಯಲೂಬಹುದು.

ಹೊಟ್ಟೆ ಕೆಡುವುದಂತೂ ಎಲ್ಲರಿಗೂ ಗೊತ್ತಿರುವುದೇ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಆ್ಯಂಟಿಬಯೋಟಿಕ್ ಮಾತ್ರೆಯಲ್ಲಿ ಇದು ಹೆಚ್ಚು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ, ಅದಕ್ಕೆ. ನೀರು ನೀರಾಗಿ ಎರಡು ಮೂರು ಸಲ ಹೋದರೆ ಓಆರ್‌ಎಸ್ ಕುಡಿಯಿರಿ. ರಕ್ತ ಬಂದರೆ, ಜ್ವರ ಮರುಕಳಿಸಿದರೆ, ಹೊಟ್ಟೆ ಹಿಂಡಿದರೆ ಭೇದಿ ನಿಲ್ಲಿಸುವ ಮಾತ್ರೆ ನೀವಾಗೇ ನುಂಗಬೇಡಿ. ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಕೆಲಸ ಇರಬಹುದು. ಕೋರ್ಸ್ ಮುಗಿದು ವಾರಗಳಾದ ಮೇಲೂ ಬರುತ್ತದೆ.

ತುಟಿ ಊದಿದರೆ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಕಾಯುವಂತೆಯೇ ಇಲ್ಲ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಗಾಡಿ ಹತ್ತಿ. ಬಾಯಲ್ಲಿ ಹುಣ್ಣು, ಚರ್ಮದ ಮೇಲೆ ಗುಳ್ಳೆ ಎದ್ದರೂ ಅವತ್ತೇ ತೋರಿಸಿ. ಆ ಔಷಧದ ಹೆಸರನ್ನು ಫೈಲಿನ ಮೊದಲ ಪುಟದಲ್ಲಿ ಬರೆದಿಡಿ. ಏನಾಯಿತು ಅನ್ನುವುದನ್ನೂ ಬರೆಯಿರಿ. ಸುಮ್ನೆ ವಾಂತಿಯಾದದ್ದನ್ನೇ 'ಪೆನಿಸಿಲಿನ್ ಅಲರ್ಜಿ' ಅಂತ ಹೇಳಿದರೆ, ಮುಂದೆ ಬೇಕಾದಾಗ ನಾವು ಒಳ್ಳೆಯ ಔಷಧವನ್ನೇ ಬಿಡಬೇಕಾಗುತ್ತದೆ.

ಆ ಹೆಂಗಸಿಗೆ ಉಳಿದ ದಿನಗಳಿಗೆ ಬೇರೆ ಮಾತ್ರೆ ಬರೆದೆ. ಎದ್ದು ಹೊರಟವರು ಚೀಲದಿಂದ ಹಳೇ ಸ್ಟ್ರಿಪ್ ತೆಗೆದರು. "ಇನ್ನೂ ನಾಲ್ಕಿದೆ. ಮಗನಿಗೆ ನೆಗಡಿ, ಇದನ್ನ ಕೊಡ್ಲಾ?" ಮಗನಿಗೆ ಐದು ವರ್ಷ. ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಔಷಧವನ್ನು ನಾವೇ ಅಳೆದು ತೂಗಿ, ತೀರಾ ಬೇಕಾದಾಗ ಮಾತ್ರ ಕೊಡುತ್ತೇವೆ. ಅದಕ್ಕಿಂತ ಮುಖ್ಯ, ನೆಗಡಿ ವೈರಸ್‌ನಿಂದ ಬರುವುದು. ಡೆಂಗಿಯೂ ಅಷ್ಟೇ, ನಮ್ಮ ಕೊಪ್ಪ, ನರಸಿಂಹರಾಜಪುರ ಕಡೆಯ ಮಂಗನ ಕಾಯಿಲೆಯೂ ಅಷ್ಟೇ. ಆ್ಯಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಮಗುವಿಗೆ ಸಿಗುವುದು ಬರೀ ಹೊಟ್ಟೆನೋವು, ಭೇದಿ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ತೋರಿಸಿ, ಈ ಗೆರೆ ಇರುವುದನ್ನು ಚೀಟಿ ಇಲ್ಲದೆ ಯಾರಿಗೂ ಕೊಡಬೇಡಿ ಅಂದೆ. ಅವರು ಸ್ಟ್ರಿಪ್ಪನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು.