ಚೇಳು ಕಡಿದ ಮಗುವಿಗೆ ಉರಿ ಇಳಿದರೆ ವಿಷ ಇಳಿದಂತೆಯೇ?

ಪ್ರಶ್ನೆ: ನಮ್ಮ ಆರು ವರ್ಷದ ಮಗಳಿಗೆ ರಾತ್ರಿ ಚೇಳು ಕಡಿಯಿತು. ಊರಲ್ಲಿ ಒಬ್ಬರು ಮಂತ್ರ ಹಾಕಿದರು, ಸ್ವಲ್ಪ ಹೊತ್ತಿಗೆ ಉರಿ ಇಳಿಯಿತು. ಇಷ್ಟಾದ ಮೇಲೂ ದವಾಖಾನೆಗೆ ಒಯ್ಯಬೇಕೇ? (ಚಿಂಚೋಳಿ ತಾಲೂಕಿನ ಓದುಗರು)

ಉತ್ತರ: ಒಯ್ಯಬೇಕು. ಬೇಸಿಗೆ ಶುರುವಾದರೆ ಸಾಕು, ಮೊದಲ ಮಳೆ ಬಿದ್ದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ನಾನೂ ಇದೇ ಉತ್ತರ ಬರೆಯುತ್ತೇನೆ. ಆದರೂ ಕ್ಯಾಶುಯಲ್ಟಿಗೆ ಬರುವವರ ಬಾಯಲ್ಲಿ ಅದೇ ಮಾತು: “ಮಂತ್ರ ಹಾಕ್ಸಿವ್ರಿ, ಅಳೂದು ನಿಂತದ.”

ಅಳು ನಿಂತದ್ದೇ ನನಗೆ ಚಿಂತೆ. ನೋವಿನಿಂದ ಕಿರುಚುತ್ತಿರುವ, ಆದರೆ ಕೈಕಾಲು ಬೆಚ್ಚಗಿರುವ ಮಗುವಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಸುಮ್ಮನಾಗಿ, ಬನಿಯನ್ ತೊಯ್ಯುವಷ್ಟು ಬೆವೆತು, ಎರಡು ಮೂರು ಸಲ ವಾಂತಿ ಮಾಡಿಕೊಂಡ ಮಗು ಬಂದರೆ ಮೊದಲು ಅಂಗಾಲು ಮುಟ್ಟಿ ನೋಡುತ್ತೇನೆ. ಹೊರಗೆ 42 ಡಿಗ್ರಿ ಬಿಸಿಲಿದ್ದಾಗ ಆ ಅಂಗಾಲು ತಣ್ಣಗಿದ್ದರೆ ವಿಷ ಏರಿದೆ ಎಂದೇ ಲೆಕ್ಕ. ಕೆಂಪು ಚೇಳು ಕಡಿದು ಜೀವಕ್ಕೆ ಕುತ್ತು ಬಂದವರಲ್ಲಿ ಕಡಿದ ಜಾಗದ ನೋವು ಎಷ್ಟೋ ಸಲ ಕಮ್ಮಿಯೇ ಇರುತ್ತದೆ. ಬರೀ ನೋವಿದ್ದು ಬೇರೇನೂ ಇಲ್ಲದವರು ಸಾಮಾನ್ಯವಾಗಿ ಪಾರಾಗುತ್ತಾರೆ. ಅಂದರೆ ನಮ್ಮ ಜನ ನೋವನ್ನೇ ವಿಷದ ಅಳತೆಗೋಲು ಮಾಡಿಕೊಂಡು ಲೆಕ್ಕ ಪೂರ್ತಿ ಉಲ್ಟಾ ಹಾಕುತ್ತಿದ್ದಾರೆ.

ಈ ವಿಷ ನರಗಳ ಸಂದೇಶ ದಾಟಿಸುವ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡುವುದಿಲ್ಲ. ಅದರಿಂದ ಅಡ್ರಿನಲಿನ್ ರಕ್ತಕ್ಕೆ ಒಮ್ಮೆಲೇ ನುಗ್ಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯ ಸೋಲುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇಷ್ಟಾಗಲು ಕೆಲವು ತಾಸು ಬೇಕು. ಆ ತಾಸುಗಳೇ ನಿಮ್ಮಲ್ಲಿ ಮಂತ್ರಕ್ಕೆ ಹೋಗುತ್ತಿವೆ. ದೊಡ್ಡವರಿಗೂ ಮಗುವಿಗೂ ಚೇಳು ಬಿಡುವ ವಿಷ ಅಷ್ಟೇ, ಆದರೆ ಮಗುವಿನ ತೂಕ ಹದಿನೈದು ಇಪ್ಪತ್ತು ಕಿಲೋ.

ಹಾಗಾದರೆ ಮಂತ್ರ ಹಾಕಿಸಿಕೊಂಡವರು ಬದುಕಿದ್ದು ಹೇಗೆ ಅಂತೀರಿ. ಹೊಲದ ಕರಿ ಚೇಳು ಕಡಿದರೆ ಉರಿಯುತ್ತದೆ, ಸಾಯಿಸುವುದು ಅಪರೂಪ. ಕೆಂಪು ಚೇಳು ಕೂಡ ಪ್ರತಿ ಸಲ ಪೂರ್ತಿ ವಿಷ ಬಿಡುವುದಿಲ್ಲ. ಬಹುಪಾಲು ಮಕ್ಕಳು ಯಾರು ಏನೂ ಮಾಡದಿದ್ದರೂ ಬದುಕುತ್ತಾರೆ, ಹೆಸರು ಮಾತ್ರ ಮಂತ್ರದವರಿಗೆ. ಉಳಿಯದ ಮಗುವಿಗೆ “ಆಯುಷ್ಯ ಇರ್ಲಿಲ್ಲ” ಅಂದುಬಿಡುತ್ತಾರೆ.

ಯಾದಗಿರಿ ಕಡೆಯವರು ಕಂದಕೂರಿನ ಮಾತು ತೆಗೆಯುತ್ತಾರೆ. ನಾಗರ ಪಂಚಮಿಗೆ ಅಲ್ಲಿಯ ಗುಡ್ಡದ ಮೇಲೆ ಕೊಂಡಮ್ಮಾಯಿ ದೇವಿ ಹೆಸರಲ್ಲಿ ಮಕ್ಕಳೂ ಚೇಳು ಹಿಡಿದು ಆಡಿಸುತ್ತಾರಲ್ಲ ಎಂದು. ಭಕ್ತಿಯ ಜೊತೆ ನನ್ನ ತಕರಾರಿಲ್ಲ. ಆದರೆ ಹಗಲು ಹೊತ್ತಿನಲ್ಲಿ ನೋಡಿಕೊಂಡು ಎತ್ತಿದ ಚೇಳು ಬೇರೆ, ಕತ್ತಲಲ್ಲಿ ಹಾಸಿಗೆಯೊಳಗೆ ಮಗುವಿನ ಮೈ ಕೆಳಗೆ ಸಿಕ್ಕಿ ಒದ್ದಾಡುವ ಚೇಳು ಬೇರೆ.

ಔಷಧ ಇಲ್ಲದ ಕಾಲವೂ ಇದಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೊಸಿನ್ ಎಂಬ ಬಿಪಿ ಮಾತ್ರೆಯಿಂದ ಈ ಮಕ್ಕಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಾತ್ರೆಯ ಜೊತೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ಬೇಗ ಚೇತರಿಸುತ್ತಾರೆ ಎಂದು 2011ರ ಅವರ ಅಧ್ಯಯನ ಹೇಳಿತು. ಹಾವಿನ ಇಂಜೆಕ್ಷನ್ ಇದಕ್ಕೆ ನಡೆಯುವುದಿಲ್ಲ, “ಅದನ್ನೇ ಹಾಕ್ರಿ” ಎಂದು ಜಗಳಕ್ಕೆ ನಿಲ್ಲಬೇಡಿ. ಊರಿನ ಡಾಕ್ಟರ್ ಹಾಕುವ ಎವಿಲ್, ಡೆಕ್ಸಾ ಎಂಬ ಅಲರ್ಜಿ ಸೂಜಿಗಳಿಂದಲೂ ಈ ವಿಷ ಇಳಿಯದು. ಪ್ರಾಜೊಸಿನ್ ಕೊಟ್ಟ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ವರಾಂಡದಲ್ಲಿ ಅಡ್ಡಾಡುವ ಅಜ್ಜಂದಿರಿಗೊಂದು ಮಾತು: ಮಲಗಿಸಿಯೇ ಇಡಿ, ಎತ್ತಿದರೆ ಬಿಪಿ ದಿಢೀರನೆ ಕುಸಿಯುತ್ತದೆ.

ಮನೆಯಲ್ಲಿ ಮಾಡುವುದು ಸ್ವಲ್ಪವೇ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಬ್ಲೇಡು ಹಾಕಬೇಡಿ, ಬಿಗಿಯಾಗಿ ಕಟ್ಟಬೇಡಿ, 108ಕ್ಕೆ ಫೋನ್ ಮಾಡಿ. ನೇರ ಕಲಬುರಗಿಗೇ ಹೋಗುತ್ತೇವೆ ಎಂದು ಹಟ ಹಿಡಿಯದೆ ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಮಗು ಆರಾಮಿದೆ ಅನಿಸಿದರೂ ಒಂದು ದಿನ ನಿಗಾದಲ್ಲಿರಲಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳಿಲ್ಲ, ಆದರೆ ಹೇಳಲು ನನಗೆ ಖುಷಿ. ಖೋಟಾ ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ಬೆಳಕಿನ ಸಣ್ಣ ಟಾರ್ಚ್ ನೋಡಿದ್ದೀರಲ್ಲ? ರಾತ್ರಿ ದೀಪ ಆರಿಸಿ ಅದನ್ನು ಫರಸಿ ಸಂದಿಗೆ, ಕಟ್ಟಿಗೆ ರಾಶಿಗೆ, ಕುಳ್ಳಿನ ಮೇಲೆ ಹಿಡಿಯಿರಿ. ಚೇಳಿದ್ದರೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಅದರ ಚರ್ಮದಲ್ಲಿರುವ ವಸ್ತುಗಳ ಗುಣ ಅದು. ಆಗಷ್ಟೇ ಹುಟ್ಟಿದ ಮರಿಗಳು ಹಾಗೆ ಹೊಳೆಯುವುದಿಲ್ಲ. ಬೆಳಕನ್ನು ಕಣ್ಣಿಗೆ ಬಿಡಬೇಡಿ, ಮಕ್ಕಳ ಕೈಗೆ ಆ ಟಾರ್ಚ್ ಕೊಡಬೇಡಿ. ಚೇಳು ಕಂಡರೆ ಉದ್ದ ಇಕ್ಕಳ ತನ್ನಿ, ಚಪ್ಪಲಿಯಲ್ಲ.