ಪದ ಪರಿಚಯ: ಶೇಕರ್ ವ್ಯಾಯಾಮ

ಹಾಸನದ ಕಡೆ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಪಾರ್ಶ್ವವಾಯುವಿನ ನಂತರ ಹಿರಿಯರು ‘ಮುದ್ದೆ ಇಳಿಯುತ್ತಿಲ್ಲ’ ಎಂದರೆ ಮನೆಯವರು ಕೂಡಲೇ ಗಾಬರಿಯಾಗುತ್ತಾರೆ. ಅದೇ ಹಿರಿಯರಿಗೆ ನೀರು ನೆತ್ತಿಗೇರಿದರೆ ಮಾತ್ರ ‘ಯಾರೋ ನೆನೆಸಿಕೊಂಡಿರಬೇಕು’ ಎಂದು ಸುಮ್ಮನಾಗುತ್ತಾರೆ. ಆ ನೀರು ಹೋಗಿರುವುದು ನೆತ್ತಿಗಲ್ಲ, ಶ್ವಾಸನಾಳದ ಬಾಯಿಗೆ. ಡಿಸ್ಫೇಜಿಯಾ ಎನ್ನುವ ಈ ನುಂಗುವ ತೊಂದರೆಗೆ ಸ್ಪೀಚ್ ಥೆರಪಿಸ್ಟ್‌ಗಳು ಹೇಳಿಕೊಡುವ ಬಲವರ್ಧನೆಯ ವ್ಯಾಯಾಮಗಳಲ್ಲಿ ಶೇಕರ್ ವ್ಯಾಯಾಮವೂ ಒಂದು.

ಹೆಸರು ಕೇಳಿ ತಲೆ ಅಲ್ಲಾಡಿಸಬೇಕೆಂದು ತಿಳಿಯಬಾರದು. ಅದು ಅಮೆರಿಕದ ವಿಸ್ಕಾನ್ಸಿನ್‌ನ ವೈದ್ಯ ರೆಜಾ ಶೇಕರ್ ಅವರ ಹೆಸರು. ಈ ವ್ಯಾಯಾಮದಿಂದ ವಯಸ್ಸಾದವರಲ್ಲಿ ಅನ್ನನಾಳದ ಮೇಲ್ದ್ವಾರ ಹೆಚ್ಚು ಅಗಲವಾಗಿ ತೆರೆದುಕೊಳ್ಳುತ್ತದೆ ಎಂಬುದನ್ನು ಅವರ ತಂಡ 1997ರಲ್ಲಿ ಪ್ರಕಟಿಸಿತು. ದಿಂಬಿಲ್ಲದೆ ಅಂಗಾತ ಮಲಗಿ, ಭುಜಗಳನ್ನು ನೆಲದಿಂದ ಏಳಿಸದೆ, ಕಾಲ್ಬೆರಳು ಕಾಣುವಷ್ಟು ತಲೆಯನ್ನು ಮಾತ್ರ ಎತ್ತಿ ಒಂದು ನಿಮಿಷ ಹಿಡಿಯಬೇಕು. ನಡುವೆ ಒಂದೊಂದು ನಿಮಿಷ ವಿಶ್ರಾಂತಿಯೊಂದಿಗೆ ಹೀಗೆ 3 ಸಲ ಮಾಡಿ, ಬಳಿಕ ಹಿಡಿಯದೆ 30 ಸಲ ಎತ್ತಿ ಇಳಿಸಬೇಕು. ದಿನಕ್ಕೆ 3 ಬಾರಿಯಂತೆ 6 ವಾರ ಮಾಡುವುದು ಮೂಲ ಕ್ರಮ.

ತಲೆ ಎತ್ತುವುದಕ್ಕೂ ನುಂಗುವುದಕ್ಕೂ ಏನು ಸಂಬಂಧ? ಗದ್ದಕ್ಕೂ ಧ್ವನಿಪೆಟ್ಟಿಗೆಗೂ ನಡುವೆ ಹಯಾಯ್ಡ್ ಎಂಬ ಪುಟ್ಟ ಮೂಳೆಯಿದೆ. ನುಂಗುವಾಗ ಅದರ ಮೇಲಿನ ಸ್ನಾಯುಗಳು ಆ ಮೂಳೆಯನ್ನೂ ಧ್ವನಿಪೆಟ್ಟಿಗೆಯನ್ನೂ ಮೇಲಕ್ಕೆ, ಮುಂದಕ್ಕೆ ಎಳೆಯುತ್ತವೆ. ಆ ಎಳೆತವೇ ಶ್ವಾಸಮಾರ್ಗ ಮುಚ್ಚುವುದಕ್ಕೂ ಅನ್ನನಾಳದ ಬಾಗಿಲು ತೆರೆಯುವುದಕ್ಕೂ ನೆರವಾಗುತ್ತದೆ. ಎಳೆತ ಕುಂದಿದರೆ ತುತ್ತಿನ ಶೇಷ ಗಂಟಲಲ್ಲೇ ಉಳಿದು, ಆಮೇಲೆ ಉಸಿರಿನೊಂದಿಗೆ ಒಳಗಿಳಿಯಬಹುದು. ತಲೆಯ ಭಾರವನ್ನು ಎತ್ತುವಾಗ ಇದೇ ಸ್ನಾಯುಗಳೂ ದುಡಿಯುತ್ತವೆ. ಗರಡಿಯಲ್ಲಿ ಹಗುರವಾದ ಗದೆಯನ್ನೇ ವರ್ಷವಿಡೀ ತಿರುಗಿಸಿದರೆ ತೋಳು ಬಲಿಯದು. ಗಂಟಲಿನ ಸ್ನಾಯುಗಳಿಗೂ ರೂಢಿಯನ್ನು ಮೀರಿದ ಹೊರೆ ಬೇಕು, ಬಿಟ್ಟರೆ ಗಳಿಸಿದ ಬಲ ಇಳಿಯುತ್ತದೆ.

ಆದರೆ ತಲೆ ಎತ್ತುವುದು ನುಂಗುವುದಲ್ಲ. ಬಂದ ಬಲ ಊಟಕ್ಕೆ ಒದಗಬೇಕಾದರೆ ಗಂಟಲಿಗೆ ಬಲ ಹಾಕಿ ನುಂಗುವ ಅಭ್ಯಾಸವೂ ಜೊತೆಗಿರಬೇಕು. ಶೇಕರ್ ವ್ಯಾಯಾಮದಲ್ಲಿ ಕತ್ತಿನ ಪಕ್ಕದ ಸ್ನಾಯುಗಳು ಮೊದಲು ಸೋಲುವುದರಿಂದ ಅನೇಕರು ನಡುವೆಯೇ ಬಿಡುತ್ತಾರೆ. ಅಂಥವರಿಗೆ ಕುಳಿತಲ್ಲೇ ಗದ್ದದ ಕೆಳಗೆ ಮೆತ್ತನೆಯ ಚೆಂಡನ್ನು ಇಟ್ಟು ಅದುಮುವ ಕ್ರಮವಿದ್ದು, ನನಗೆ ಅದೇ ಹೆಚ್ಚು ನಡೆಯುವಂಥದ್ದೆನಿಸುತ್ತದೆ. ಕುತ್ತಿಗೆಯ ಮೂಳೆಯ ತೊಂದರೆ ಇರುವವರಿಗೆ ತಲೆ ಎತ್ತುವ ವ್ಯಾಯಾಮ ಸಲ್ಲದು. ಬಳಸಿದಷ್ಟೂ ಸ್ನಾಯು ಸೋಲುವ ಮಯಸ್ತೇನಿಯಾದಂಥ ಕಾಯಿಲೆಯಲ್ಲಿ ಬಲವರ್ಧನೆಯೇ ತಿರುಗುಬಾಣವಾದೀತು. ಮತ್ತೆ ಮುದ್ದೆ ಕೊಡಬಹುದೇ ಎಂಬುದನ್ನು ಕೆಮ್ಮು ನಿಂತಿತೆಂಬ ಒಂದೇ ಕಾರಣಕ್ಕೆ ತೀರ್ಮಾನಿಸಬಾರದು: ಕೆಲವರಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ, ಅದು ಗೊತ್ತಾಗುವುದು ನುಂಗುವಾಗಲೇ ತೆಗೆಯುವ ಎಕ್ಸ್‌ರೇ ವಿಡಿಯೋದಂಥ ಪರೀಕ್ಷೆಯಲ್ಲಿ.